ಕಂತು ತಪ್ಪದ ಸಾಲಗಾರ

ಸೆಪ್ಟೆಂಬರ್ ಹದಿನೈದು, ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಕೋರೆಗಾಂವ ಠಾಣೆಯ ಬಾಗಿಲಿಗೆ ಒಬ್ಬ ಮನುಷ್ಯ ಬಂದು ಎರಡೂ ಹಿಮ್ಮಡಿ ಕೂಡಿಸಿ ನಿಂತ. ಹಿಂದೆಯೇ ಅವನ ಹೆಂಡತಿ. ಫೌಜಿ ಎಂದು ಕೇಳಿ ತಿಳಿಯುವುದೇನೂ ಇರಲಿಲ್ಲ. ಸಾತಾರಾ ಜಿಲ್ಲೆಯಲ್ಲಿ ಮನೆಗೊಬ್ಬ ಫೌಜಿ. ಸಿಪಾಯಿಯಾಗಿಯೇ ನಿವೃತ್ತನಾದವನನ್ನೂ ಊರು ಮೇಜರ್ ಎಂದೇ ಕರೆಯುತ್ತದೆ, ಅವನೂ ಓಗೊಡುತ್ತಾನೆ.

"ಏನ್ ಮೇಜರ್, ಹೊಲದ ಬದುವಿನ ಜಗಳೇನು?" ಎಂದ ಹೆಡ್ ಕಾನ್ಸ್‌ಟೇಬಲ್ ಬಬನ್ ಶಿಂಗಟೆ. ಠಾಣೆಗೆ ಬರುವ ಫೌಜಿಗಳಲ್ಲಿ ಮುಕ್ಕಾಲು ಪಾಲು ಅದಕ್ಕೇ ಬರುವುದು.

"ಅಲ್ರಿ. ನಾ ಮಾಡದ ಸಾಲ ನನ್ನ ಹೆಸರಿನ್ಯಾಗ ಐತಿ."

"ಮನಿ ಸಾಲ," ಹೆಂಡತಿ ಹಿಂದಿನಿಂದ ಸೇರಿಸಿದಳು. "ಸಾಲ ಐತಿ, ಮನಿ ಇಲ್ಲ!"

ಇನ್‌ಸ್ಪೆಕ್ಟರ್ ಸುನಂದಾ ಖರಾತ ಇಬ್ಬರನ್ನೂ ಒಳಗೆ ಕರೆದರು. ಅವನ ಹೆಸರು ಸರ್ಜೇರಾವ್ ಫಡತರೆ, ಪದಾತಿ ದಳದಲ್ಲಿ ನಾಯಕ್, ಹವಾಲ್ದಾರನಿಗಿಂತ ಒಂದು ಮೆಟ್ಟಿಲು ಕೆಳಗಿನವ. ಜುಲೈಯಲ್ಲಿ ಸೈನ್ಯ ಬಿಟ್ಟು ಬಂದಿದ್ದ. ಹೆಂಡತಿ ವಂದನಾ, ಒಬ್ಬಳು ಮಗಳು. ಮೂವರೂ ಅಣ್ಣನ ಮನೆಯ ಮಹಡಿ ಮೇಲಿನ ಒಂದೇ ಕೋಣೆಯಲ್ಲಿದ್ದರು. ನಿವೃತ್ತಿಯಲ್ಲಿ ಬಂದ ಹಣವನ್ನೆಲ್ಲ ಒಂದು ಪುಟ್ಟ ಮನೆಗೆ ಮುಂಗಡ ಕೊಟ್ಟಾಗಿತ್ತು. ದಸರೆಯೊಳಗೆ ಬ್ಯಾಂಕಿನ ಸಾಲ ಬಾರದಿದ್ದರೆ ಮನೆಯೂ ಹೋಯಿತು, ಮುಂಗಡವೂ ಮುಳುಗಿತು. ಬ್ಯಾಂಕಿಗೆ ಹೋದರೆ, ನಿಮ್ಮ ಹೆಸರಿನಲ್ಲಿ ಎರಡು ವರ್ಷದ ಹಿಂದೆಯೇ ಸಾತಾರಾ ರಸ್ತೆಯ ಫ್ಲ್ಯಾಟಿಗೆ ಸಾಲ ಎತ್ತಿದ್ದೀರಿ, ಮತ್ತೊಂದು ಸಿಗುವುದಿಲ್ಲ ಅಂದರಂತೆ.

"ಎರಡು ವರ್ಷದ ಹಿಂದ ಎಲ್ಲಿದ್ರಿ?"

"ಕಾಶ್ಮೀರದಾಗ, ಕುಪವಾಡಾ. ಹಿಮದಾಗ."

"ನಿಮ್ಮ ಕಾಗದಪತ್ರ, ಸಹಿ, ತಾಯಿ ಹೆಸರು, ಎಲ್ಲಾ ಬಲ್ಲ ಬ್ಯಾರೇದವರು ಯಾರ್ಯಾರು?"

ಸರ್ಜೇರಾವ್ ಯೋಚಿಸಿ ಹೇಳಿದ. ಅಣ್ಣ. ಪಲ್ಟನ್ನಿನ ಕ್ಲರ್ಕು. ಕ್ಯಾಂಟೀನಿನವನು. ಈಗ ಸಾಲದ ಅರ್ಜಿ ಹಾಕಿಸಿದ ಸುಭೇದಾರ್ ಚವರೆ.

"ಇನ್ನ್ಯಾರು?"

"ಇನ್ನ್ಯಾರೂ ಇಲ್ರಿ."

ವಂಚನೆ ಮತ್ತು ಬೇರೊಬ್ಬನ ಸೋಗು ಹಾಕಿದ ಆರೋಪದ ಮೇಲೆ ಎಫ್‌ಐಆರ್ ದಾಖಲಾಯಿತು. ಖರಾತ ಮೇಡಂಗೆ ಅನುಮಾನ ಹುಟ್ಟುಗುಣ. ಹಾಲು ಬೆಳ್ಳಗಿದೆ ಎಂದರೂ ಲೋಟ ಎತ್ತಿ ನೋಡುವ ಹೆಂಗಸು. ಅಣ್ಣನ ಮೇಲೆ ಅನುಮಾನ, ಚವರೆಯ ಮೇಲೆ ಅನುಮಾನ. ಸಂಜೆ ಬ್ಯಾಂಕಿನಿಂದ ಕಡತ ಬಂದಮೇಲೆ ಫಿರ್ಯಾದಿಯ ಮೇಲೂ ಬಂತು. ಕಾರಣ ಇಷ್ಟೇ, ಎರಡು ವರ್ಷದಲ್ಲಿ ಆ ಸಾಲದ ಒಂದು ಕಂತೂ ತಪ್ಪಿರಲಿಲ್ಲ. ಪ್ರತಿ ತಿಂಗಳು ಯಾರೋ ಬಂದು ನಗದು ಕಟ್ಟಿ ಹೋಗುತ್ತಿದ್ದರು.

"ಕಳ್ಳ ಎಲ್ಲಾದ್ರೂ ಕಂತು ಕಟ್ತಾನೇನ್ರೀ?" ಶಿಂಗಟೆ ತಲೆ ಕೆರೆದುಕೊಂಡ. "ನಾ ಹೆಂಡ್ತಿ ಹೆಸರಲೆ ತಗೊಂಡ ಗಾಡೀದೇ ಮೂರು ಕಂತು ನುಂಗೀನಿ."

"ಕಳ್ಳ ಕಟ್ಟಾಂಗಿಲ್ಲ. ಮಾಲಕ ಕಟ್ತಾನ," ಅಂದರು ಮೇಡಂ. "ಕಡತದಾಗಿನ ಫೋಟೋ ಬ್ಯಾರೇದವಂದಿರಬಹುದು. ಅವನ್ನ ಮುಂದಿಟ್ಟು ಈ ಮೇಜರನೇ ಒಂದು ಮನಿ ಮಾಡಿ, ಈಗ ಇನ್ನೊಂದಕ್ಕ ಬಾಯಿ ತೆರೆದಿರಬೇಕು."

ಮಂಗಳವಾರ ಬೆಳಿಗ್ಗೆ ಸರ್ಜೇರಾವ್‌ನನ್ನು ಒಬ್ಬನನ್ನೇ ಕರೆಸಿ ಕಡತದಲ್ಲಿದ್ದ ಸಾಲಗಾರನ ಫೋಟೋ ಮುಂದಿಟ್ಟರು. ಅವನು ನೋಡಿದ. ಕೈ ಚಾಚಿದವನು ಮುಟ್ಟದೆ ಹಿಂದೆಳೆದುಕೊಂಡ.

"ಯಾರಿಂವ?"

"ಗೊತ್ತಿಲ್ರಿ."

"ಸರಿಯಾಗಿ ನೋಡ್ರಿ."

"ಗೊತ್ತಿಲ್ಲ ಅಂದ್ನೆಲ್ರಿ ಮೇಡಂ!"

ಫೌಜಿ ಠಾಣೆಯಲ್ಲಿ ದನಿ ಎತ್ತುವವನಲ್ಲ. ಮೇಡಂ ಮತ್ತೇನೂ ಕೇಳದೆ ಕಳಿಸಿಕೊಟ್ಟರು.

ಮಧ್ಯಾಹ್ನ ಸಾತಾರಾ ರಸ್ತೆಯ ಫ್ಲ್ಯಾಟಿಗೆ ಹೋದರೆ ಬಾಗಿಲಿಗೆ ಬೀಗ. ಎದುರು ಮನೆಯ ಹೆಂಗಸು ಹೇಳಿದಳು, "ಫಡತರೆ ಮೇಜರ್ ಬೆಳಿಗ್ಗೆ ಇದ್ರಲ್ರಿ. ಒಂದು ತಾಸಿನ ಹಿಂದ ಫೋನ್ ಬಂತು, ಹೆಂಡ್ರು ಮಕ್ಕಳನ್ನ ಕರ್ಕೊಂಡು ಹೋಗೇಬಿಟ್ರು. ಎಷ್ಟು ಮರ್ಯಾದಸ್ಥ ಮನುಷ್ಯಾ ಅಂತೀರಿ!" ಇಬ್ಬರು ಪಂಚರ ಎದುರು ಬೀಗ ಒಡೆಸಿ ಪಂಚನಾಮೆ ಬರೆದರು. ಅಡುಗೆಮನೆಯಲ್ಲಿ ಕಲಸಿದ ಜೋಳದ ಹಿಟ್ಟು ಪರಾತದಲ್ಲೇ ಒಣಗಿ ಬಿರಿದಿತ್ತು, ತವೆಯ ಮೇಲೊಂದು ಭಾಕರಿ ಕರಕಾಗಿತ್ತು. ಬೆಲೆಬಾಳುವ ಸಾಮಾನು ಎಂಬುದೇ ಇರಲಿಲ್ಲ.

"ಯಾರೋ ಸುದ್ದಿ ಮುಟ್ಟಿಸ್ಯಾರ," ಅಂದ ಶಿಂಗಟೆ.

"ಫೋಟೋ ನೋಡಿದವ ಒಬ್ಬನೇ."

ಆದರೂ ಮೇಡಂ ನೇರ ಅವನ ಮನೆಗೆ ಹೋಗಲಿಲ್ಲ. ಬಸ್‌ಸ್ಟ್ಯಾಂಡಿನ ಪಕ್ಕ ಚವರೆ ಫೌಜಿಗಳಿಗೆ ಸಾಲ ಕೊಡಿಸಲು ನಡೆಸುತ್ತಿದ್ದ ಜವಾನ್ ಗೃಹಸಾಲ ಸೇವಾ ಕೇಂದ್ರಕ್ಕೆ ನಡೆದರು. ಎರಡು ವರ್ಷದ ಹಿಂದಿನ ಆ ಸಾಲವೂ ಚವರೆಯ ಕೈಯಿಂದಲೇ ಹೋಗಿತ್ತು. ನಿವೃತ್ತ ಸುಭೇದಾರ್ ಧೋಂಡಿರಾಮ ಚವರೆ ಮೀಸೆ ತಿರುವುತ್ತ ತನ್ನ ಪಾಠ ಒಪ್ಪಿಸತೊಡಗಿದ. "ಫೌಜಿಗೆ ಮನಿ ಸಾಲ ಅಂದ್ರ ನಾಕು ದಾರಿ ಅದಾವ ಮೇಡಂ. ನೌಕರಿ ಇದ್ದಾಗ ಪಗಾರದ ಮ್ಯಾಲ, ಬಿಟ್ಟು ಬಂದಮ್ಯಾಲ ಪೆನ್ಶನ್ ಮ್ಯಾಲ, ಎರಡನೇ ನೌಕರಿ ಹಿಡಿದ್ರ ಅದೊಂದು, ವೀರಪತ್ನಿಯರದು ಮತ್ತೊಂದು..."

"ನಾ ಸಾಲ ಕೇಳಾಕ ಬಂದಿಲ್ಲ, ಸುಭೇದಾರ್," ಮೇಡಂ ಫೋಟೋ ಮುಂದಿಟ್ಟರು. "ಇಂವ ಫಡತರೆ ಅಂತ ಹೆಂಗ ನಂಬಿದ್ರಿ? ಆಧಾರ್ ಫೋಟೋಕ್ಕೂ ಇವನ ಮಾರಿಗೂ ಸಂಬಂಧ ಇಲ್ಲ."

"ಆಧಾರ್ ಫೋಟೋಕ್ಕ ಯಾರ ಮಾರಿ ಸಂಬಂಧ ಇರ್ತೈತ್ರಿ? ರಜಾ ಮ್ಯಾಲ ಬಂದೀನಿ ಅಂದ. ನಾ ಆರ್ಮಿ ನಂಬರ್ ಕೇಳ್ದೆ. ಎದಿ ಎತ್ತಿ ಗಡಗಡ ಹೇಳಿದ. ಫೌಜಿ ತನ್ನ ಹೆಸರು ಮರ್ತಾನು, ನಂಬರ್ ಮರೆಯಾಂಗಿಲ್ಲ."

"ಇನ್ನೊಬ್ಬನ ನಂಬರ್ ಯಾರಿಗಾದ್ರೂ ಬಾಯಿಪಾಠ ಇರ್ತೈತೇನು?"

ಮೀಸೆಯ ಮೇಲಿನ ಕೈ ನಿಂತಿತು. "ಕಟ್ಟಿಕೊಂಡ ಹೆಂಡ್ತಿಗೂ ಬರಾಂಗಿಲ್ಲ. ಜೋಡೀದಾರಗ ಒಬ್ಬಗ ಬರ್ತೈತಿ. ಗಡಿ ಮೋರ್ಚಾದಾಗ ಇಬ್ಬಿಬ್ಬರನ್ನ ಜೋಡಿ ಹಾಕ್ತಾರ್ರಿ. ಒಂದೇ ತಾಟು, ಒಂದೇ ರಗ್ಗು. ಒಬ್ಬ ಹೋದ್ರ ಇನ್ನೊಬ್ಬ ನಂಬರ್ ಹೇಳಿ ಗುರುತು ಹಿಡೀಬೇಕು." ಆಮೇಲೆ ಹಣೆ ಹಣೆ ಬಡಿದುಕೊಂಡ. "ಥೂ ನನ್ನ! ಇಪ್ಪತ್ತೆಂಟು ವರ್ಷ ಫೌಜಿನ್ಯಾಗಿದ್ದು ಇದು ಹೊಳೀಲಿಲ್ಲಲ್ಲ."

ಬುಧವಾರ ಠಾಣೆ ಕಸ ಗುಡಿಸುವ ಹೊತ್ತಿಗೇ ಸರ್ಜೇರಾವ್ ಬಂದು ನಿಂತಿದ್ದ. "ಫಿರ್ಯಾದಿ ವಾಪಸ್ ತಗೋತೀನ್ರಿ."

"ಮನಿ?"

"ಬ್ಯಾಡ್ರಿ."

"ನಿಮ್ಮ ಜೋಡೀದಾರ ಯಾರು, ಮೇಜರ್?"

ಅಷ್ಟರಲ್ಲಿ ವಂದನಾ ಏದುಸಿರು ಬಿಡುತ್ತ ಒಳಗೆ ನುಗ್ಗಿದಳು. ಗಂಡ ಹೇಳದೆ ಎದ್ದು ಬಂದದ್ದೇ ಅವಳಿಗೆ ಸಾಕಾಗಿತ್ತು. "ಹಿಂದಕ್ಕ ತಗೊಂಡ್ರಂದ್ರ ನೋಡ್ರಿ! ಹದಿನೇಳು ವರ್ಷ ಮಂದಿ ಮನ್ಯಾಗ ಬಾಳ್ವೆ ಮಾಡೀನಿ. ಸ್ನಾನಕ್ಕ ಹೋಗಬೇಕಂದ್ರ ನಾದಿನಿ ಪಾಳಿ ಮುಗೀಬೇಕು. ನನ್ನ ಮಗಳಿಗೊಂದು ಬಾಗಿಲು ಬೇಡೇನು ಹಾಕ್ಕೊಳಾಕ?"

ಮೇಡಂ ಫೋಟೋ ಅವಳ ಮುಂದೆ ಸರಿಸಿದರು.

"ಅಯ್ಯ! ಅಂಕುಶ ಭಾವೋಜಿ! ಇವರ ಫೋಟೋ ನಿಮ್ಹತ್ರ ಹೆಂಗ..." ಅಂದವಳು ಗಂಡನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದಳು. ಎಲ್ಲ ತಿಳಿಯಿತು. ಬೆಂಚಿನ ಮೇಲೆ ಕುಸಿದು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

ಅಂಕುಶ ಧುಮಾಳ, ಸರ್ಜೇರಾವ್‌ನ ಜೋಡೀದಾರ. ವಂದನಾಗೆ ಮಾತಿಗೆ ಭಾವ. ಎರಡೂವರೆ ವರ್ಷದ ಹಿಂದೆ ಅವನು ಸೈನ್ಯದಿಂದ ಊರಿಗೆ ಹೊರಟಾಗ ಸರ್ಜೇರಾವ್ ತನ್ನ ಕರಿ ಟ್ರಂಕನ್ನು ಅವನ ಕೈಯಲ್ಲೇ ಮನೆಗೆ ಕಳಿಸಿದ್ದ. ಊರಿಗೆ ಹೋಗುವವನ ಕೈಯಲ್ಲಿ ಟ್ರಂಕು ಕಳಿಸುವುದು ಎಲ್ಲ ಫೌಜಿಗಳ ರೂಢಿ. ಬಟ್ಟೆಯ ಕೆಳಗೆ ಪಗಾರದ ಚೀಟಿಗಳಿಂದ ಹಿಡಿದು ಎಲ್ಲ ಕಾಗದಗಳಿದ್ದವು.

"ಸೋಮವಾರ ನಾಕು ಮಂದಿ ಹೆಸರು ಹೇಳಿದ್ರಿ. ಇವನ ಹೆಸರು ಯಾಕ ಹೇಳ್ಲಿಲ್ಲ?"

"ನೀವು ಬ್ಯಾರೇದವರ ಹೆಸರು ಕೇಳಿದ್ರಿ ಮೇಡಂ."

"ಫೋನ್ ಮಾಡಿ ಓಡಿಸಿದ್ದೂ ನೀವೇ?"

"ಹೌದ್ರಿ. ನನ್ನನ್ನ ಒಳಗ ಹಾಕ್ರಿ. ಅಂವ ಎಲ್ಲಿದಾನ ಅಂತ ಮಾತ್ರ ಹೇಳಾಂಗಿಲ್ಲ."

"ಫಿರ್ಯಾದಿ ವಾಪಸ್ ಅನ್ನೋದು ನಿಮ್ಮ ಕೈಯಾಗಿಲ್ಲ. ಆರೋಪಿಗೆ ಸುದ್ದಿ ಕೊಟ್ಟಿದ್ದಕ್ಕ ನಿಮ್ಮನ್ನೂ ಕೂಡ್ಸಬೇಕಾಗ್ತೈತಿ."

ವಂದನಾ ಕಣ್ಣೊರೆಸಿಕೊಂಡು ಗಂಡನ ಅಂಗಿಯ ಜೇಬಿನಿಂದ ಮೊಬೈಲು ಎಳೆದುಕೊಂಡಳು. ಅವನು ತಡೆಯಲು ಎದ್ದ. ಶಿಂಗಟೆ ಅಡ್ಡ ಬಂದ.

"ಭಾವೋಜಿ, ನಾ ವಂದನಾ. ನಿಮ್ಮ ಸಲುವಾಗಿ ಇವರನ್ನ ಠಾಣೇದಾಗ ಕೂಡ್ಸ್ಯಾರ." ಅಷ್ಟೇ ಹೇಳಿ ಇಟ್ಟಳು.

ಒಂದೂವರೆ ತಾಸಿನಲ್ಲಿ ಧುಮಾಳ ಎಸ್‌ಟಿ ಬಸ್ಸಿನಿಂದ ಇಳಿದು ತಾನಾಗಿಯೇ ಠಾಣೆಗೆ ಬಂದ. ತೆಳ್ಳನೆಯ ಆಳು, ಮೈಮೇಲೆ ಸಕ್ಕರೆ ಕಾರ್ಖಾನೆಯ ಕಾವಲುಗಾರನ ಅಂಗಿ. "ಅವನ್ನ ಬಿಡ್ರಿ. ಅವನಿಗೇನೂ ಗೊತ್ತಿರಲಿಲ್ಲ."

"ಅವನ ಹೆಸರಲೆ ಯಾಕ? ನೀನೂ ಫೌಜಿ. ನಿನ್ನ ಹೆಸರಲೆ ಸಾಲ ಸಿಗ್ತಿತ್ತು."

"ನಾನು ಫೌಜಿ ಅಲ್ರಿ, ಫೌಜಿನಿಂದ ಹೊರಗ ಹಾಕಿದವ."

ಹೆಂಡತಿಗೆ ಎರಡು ಸಲ ಹೊಟ್ಟೆಯಲ್ಲೇ ಮಗು ಹೋಗಿತ್ತು. ಎರಡು ಸಲವೂ ರಜೆ ಮುಗಿದ ಮೇಲೂ ಅವಳ ಹಾಸಿಗೆಯ ಪಕ್ಕ ಕೂತ. ಮೂರನೆಯದು ಬದುಕಿತು. ಆಗಲೂ ಕೂತ, ಅದಕ್ಕೆ ಜ್ವರ ಬಂದಾಗಲೂ ಕೂತ. ದಾಖಲೆಯಲ್ಲಿ ನಾಲ್ಕು ಸಲ ಶಿಕ್ಷೆಯ ಕೆಂಪು ಶಾಯಿ ಬಿತ್ತು, ಮನೆಗೆ ಕಳಿಸಿದರು. ಪೆನ್ಶನ್ನಿಗೆ ಹದಿನೈದು ವರ್ಷದ ನೌಕರಿ ಬೇಕು. ಅವನದು ಹದಿನಾಲ್ಕು ಚಿಲ್ಲರೆಯಾಗಿತ್ತು. ಊರಿನಲ್ಲಿ ಮಾತ್ರ ಪೆನ್ಶನ್ ಆಗಿದೆ ಎಂದೇ ಹೇಳಿಕೊಂಡ. ನಮ್ಮ ಕಡೆ ಫೌಜಿ ತಿರುಗಿ ಬಂದನೆಂದರೆ ಜನ ಕೇಳುವ ಮೊದಲ ಮಾತೇ, ಮನೆ ಎಲ್ಲಿ ಕಟ್ಟಿಸುತ್ತೀ, ಯಾವ ಬ್ಯಾಂಕು? ಮೂರು ಬ್ಯಾಂಕಿನವರು ಪೆನ್ಶನ್ ಪುಸ್ತಕ ಕೇಳಿ ಹೊರಗೆ ಕಳಿಸಿದರು. ಅವನ ಮನೆಯಲ್ಲಿ, ಇನ್ನೂ ತಲುಪಿಸದೆ ಇಟ್ಟಿದ್ದ ಸರ್ಜೇರಾವ್‌ನ ಟ್ರಂಕಿತ್ತು.

"ನನ್ನ ಪಗಾರ ಪೂರಾ ಕಂತಿಗೇ ಹೋಗ್ತದ್ರಿ. ಹೆಂಡ್ತಿ ಹೊಲಿಗಿ ಮಾಡಿ ಹಿಟ್ಟು ಉಪ್ಪು ತರ್ತಾಳ. ಅವನ ಹೆಸರಿಗೆ ಒಂದು ಪೈಸೆ ಬಾಕಿ ಬರದಂಗ ನೋಡ್ಕೊಂಡೀನಿ." ಧುಮಾಳ ಆಗ ಮೊದಲ ಸಲ ಸರ್ಜೇರಾವ್ ಕಡೆ ತಿರುಗಿದ. "ನೀ ಹವಾಲ್ದಾರ್ ಆಗ್ತಿ, ಇನ್ನೂ ಏಳು ವರ್ಷ ಅಲ್ಲೇ ಇರ್ತಿ ಅಂತ ಲೆಕ್ಕ ಹಾಕಿದ್ದೆ. ಅಷ್ಟರಾಗ ಹೆಂಗಾರ ಮಾಡಿ ಸಾಲ ತೀರಿಸಿ ನಿನ್ನ ಹೆಸರು ಬಿಡಿಸ್ತಿದ್ದೆ. ಬಡ್ತಿ ಬಿಟ್ಟು ಯಾಕ ಬಂದಿಯೋ ಮಾರಾಯಾ?"

ಸರ್ಜೇರಾವ್ ಬಂದು ಅವನ ಪಕ್ಕ ನಿಂತ.

"ನೀ ಹೋದಮ್ಯಾಲ ಅಲ್ಲಿ ಮನಸ್ಸು ಹತ್ತಲಿಲ್ಲೋ."

ವಂದನಾ ಎದ್ದು ಹೊರಗೆ ಹೋದಳು. ಬ್ಯಾಂಕಿಗೆ ಠಾಣೆಯಿಂದ ಅಂದೇ ಪತ್ರ ಹೋಗುವುದಿತ್ತು. ಸರ್ಜೇರಾವ್ ಹೆಸರು ಬಿಡುಗಡೆಯಾಗಿ ದಸರೆಯೊಳಗೆ ಅವಳ ಮನೆ ಅವಳಿಗೆ ಸಿಗುವುದರಲ್ಲಿ ಸಂದೇಹವಿರಲಿಲ್ಲ. ಅವಳ ಮುಖದಲ್ಲಿ ಅದರ ಸಂತೋಷ ಕಾಣಲಿಲ್ಲ.

ಮಧ್ಯಾಹ್ನ ಎರಡು ಗಂಟೆಗೆ ಧುಮಾಳನ ಬಂಧನವಾಯಿತು. ಶಿಂಗಟೆ ಮೆಮೋ ಬರೆಯುತ್ತ ಕೇಳಬೇಕಾದ್ದನ್ನು ಕೇಳಿದ. "ಬಂಧನದ ಸುದ್ದಿ ಯಾರಿಗೆ ತಿಳಿಸಬೇಕು? ನಿನ್ನವರು ಅಂತ ಒಬ್ಬರ ಹೆಸರು ಹೇಳು."

"ಸರ್ಜೇರಾವ್ ಫಡತರೆ."

ಶಿಂಗಟೆ ಪೆನ್ನು ಎತ್ತಿ ಮೇಡಂ ಕಡೆ ನೋಡಿದ. "ಅಂವ ಫಿರ್ಯಾದಿ ಅಲ್ರೀ?"

"ಬರ್ಕೋ," ಅಂದರು ಖರಾತ ಮೇಡಂ.