ಮೂರನೆಯ ಕುರ್ಚಿ

ಸತ್ತವರ ಕಥೆ ಕೇಳುವುದು ಅವರಿಬ್ಬರ ಕೆಲಸ. ಪ್ರೀತಿ ಅದರ ನಡುವೆಯೇ ಕಣ್ಣು ಬಿಟ್ಟಿತು. ಎಂಥ ಜಾಗ ಹುಡುಕಿಕೊಂಡಿತು ನೋಡಿ!

ಸುತ್ತಲ ಬಡಾವಣೆಗಳ ಜನ ಯಾವುದರಿಂದ ಸಾಯುತ್ತಿದ್ದಾರೆ ಎಂದು ಹುಡುಕುವ ಸಂಶೋಧನೆಗೆ ಅವಳು ಮುಖ್ಯಸ್ಥೆ. ಎಲ್ಲರಿಗೂ ದೊಡ್ಡ ಡಾಕ್ಟರು. ಸಾವಾದ ಮನೆಯವರ ಮಾತನ್ನು ಕಾರ್ಯಕರ್ತೆಯರು ರೆಕಾರ್ಡ್ ಮಾಡಿ ತರುತ್ತಿದ್ದರು. ಹೆಸರುಗಳನ್ನು ಅಳಿಸಿದ ಆ ಮಾತನ್ನು ಇಬ್ಬರು ಡಾಕ್ಟರು ಬೇರೆಬೇರೆಯಾಗಿ ಕೇಳಿ ಸಾವಿನ ಕಾರಣ ಬರೆಯಬೇಕು. ಇಬ್ಬರದೂ ಒಂದೇ ಆದರೆ ಕೆಲಸ ಮುಗಿಯಿತು. ಬೇರೆಯಾದರೆ ಎದುರುಬದುರು ಕೂತು ಚರ್ಚೆ. ಆಗಲೂ ಬಗೆಹರಿಯದಿದ್ದರೆ ಮೂರನೆಯ ಡಾಕ್ಟರಿಗೆ.

ಇನ್ನೊಬ್ಬ ಡಾಕ್ಟರು ಅವನು. ಹೆಂಡತಿ ತೀರಿಕೊಂಡ ಮೇಲೆ ಆಸ್ಪತ್ರೆ ಬಿಟ್ಟು ಇಲ್ಲಿಗೆ ಬಂದವನು. ಆಫೀಸಿನವರು ಅವನಿಗಿಟ್ಟ ಹೆಸರು ಮೌನಿ. ಈಚೆಗೆ ಮೌನಿಗೂ ದೊಡ್ಡ ಡಾಕ್ಟರಿಗೂ ತಾಳಮೇಳವೇ ಕೂಡುತ್ತಿರಲಿಲ್ಲ.

“ಇದು ಹಾರ್ಟ್ ಅಟ್ಯಾಕ್ ಅಂತ ಚಿಕ್ಕ ಮಗುನೂ ಹೇಳುತ್ತೆ. ನಿಮಗೇನ್ರೀ ಅನುಮಾನ?”

“ಸಣ್ಣದೊಂದು ಇತ್ತು, ಮೇಡಂ.”

“ಈಗ ಹೋಯ್ತಾ?”

“ಟೀ ಬರೋವರೆಗೂ ಇರಲಿ ಬಿಡಿ.”

ಅವನ ತುಟಿಯಂಚಿನಲ್ಲಿ ನಗು ಇಣುಕುತ್ತಿತ್ತು. ಅಷ್ಟರಲ್ಲೇ ಕಣ್ಣು ಪಕ್ಕದ ಖಾಲಿ ಕುರ್ಚಿಗೆ ಹೋಗುತ್ತಿತ್ತು, ನಗು ಆರುತ್ತಿತ್ತು. ಆ ಕುರ್ಚಿಯ ಮೇಲೆ ಅವನು ಬ್ಯಾಗನ್ನೂ ಇಡುತ್ತಿರಲಿಲ್ಲ. ಬರಬರುತ್ತಾ ಅವಳಿಗೂ ಅಲ್ಲಿ ಯಾರೋ ಕೂತಿದ್ದಾರೆ ಅನ್ನಿಸತೊಡಗಿತು. ಸವತಿಗಾದರೂ ಮುಖವಿರುತ್ತದೆ, ಖಾಲಿ ಕುರ್ಚಿಯೊಡನೆ ಹೇಗೆ ಜಗಳವಾಡುವುದು?

ಆಮೇಲೊಂದು ರೆಕಾರ್ಡ್ ಬಂತು. ವಯಸ್ಸಾದ ಹೆಂಗಸಿನ ದನಿ. ಮಗಳ ಕಾಲು ಮುರಿದು ಪ್ಲಾಸ್ಟರ್ ಹಾಕಿದ್ದರು, ಉಸಿರು ಸಿಕ್ಕಿಕೊಂಡಂತಾಗುತ್ತದೆ ಅಂದಳು, ಮಲಗಿ ಮಲಗಿ ಹಾಗನ್ನಿಸುತ್ತೆ ಎಂದು ಗಂಡ ಸಮಾಧಾನ ಹೇಳಿದ, ಮರುದಿನ ಕುಸಿದುಬಿದ್ದಳು. ಕಾಲಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿದೆ ಎಂದು ಅವಳು ಬರೆದಳು.

ಅವನು ಬರೆದಿದ್ದು ಒಂದೇ ಪದ: ಗಂಡ.

“ಏನ್ರೀ ಇದು? ಇದೊಂದು ಕಾಯಿಲೆನಾ?” ಅವಳು ರೇಗಿಯೇ ಬಂದಳು.

ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. “ಆ ದನಿ ನಮ್ಮತ್ತೇದು, ಮೇಡಂ.”

ಸ್ವಂತದವರ ಸಾವನ್ನು ಯಾರೂ ತೀರ್ಮಾನಿಸಬಾರದು ಎಂಬುದು ಅವಳೇ ಮಾಡಿದ ನಿಯಮ. ಹೆಸರು ಅಳಿಸಿರೆಂದದ್ದೂ ಅವಳೇ. ತನ್ನ ಜಾಣತನವೇ ಹೆಂಡತಿಯ ಸಾವನ್ನು ಗಂಡನ ಕೈಗೆ ಕೊಟ್ಟಿತ್ತು.

“ನೀವು ಹೇಳಿ, ನನ್ನ ತಪ್ಪಲ್ವಾ? ನಿಮ್ಮ ಮಾತು ನಾನು ನಂಬ್ತೀನಿ.”

ಅಲ್ಲ ಅಂದುಬಿಟ್ಟರೆ ಮುಗಿಯಿತು. ಮಾತು ನಾಲಿಗೆ ತುದಿಗೆ ಬಂದಿತ್ತು.

“ನಾನು ಹೇಳೋ ಹಾಗಿಲ್ಲ. ಮೂರನೆಯವರಿಗೆ ಕಳಿಸ್ತೀನಿ.”

“ಯಾಕೆ? ಅವಳು ನಿಮಗೇನೂ ಆಗಬೇಕಿಲ್ವಲ್ಲ.”

“ಅವರಲ್ಲ. ನೀವು ಆಗಬೇಕು.” ಅವಳು ತನ್ನ ಹಾಳೆಯನ್ನು ಮೇಜಿನ ಮೇಲಿಟ್ಟಳು. “ನಿಮ್ಮ ತಪ್ಪಿಲ್ಲ ಅಂತ ಹೇಳೋಕೆ ಎಷ್ಟು ಆಸೆ ಇದೆ ಅಂದ್ರೆ, ಅದು ನಿಜಾನೋ ಆಸೆನೋ ನನಗೇ ಗೊತ್ತಾಗ್ತಿಲ್ಲ.”

ಅವನು ತಲೆಯೆತ್ತಿ ಅವಳನ್ನು ನೋಡಿದ.

“ರೆಕಾರ್ಡ್ ಪೂರ್ತಿ ಕೇಳಿದ್ರಾ?” ಎಂದಳು.

ಇಲ್ಲವೆಂದು ತಲೆಯಾಡಿಸಿದ. ಕಾರಣ ಸಿಕ್ಕೊಡನೆ ನಿಲ್ಲಿಸುವುದು ಡಾಕ್ಟರುಗಳ ಚಾಳಿ. ಅವಳು ಉಳಿದದ್ದನ್ನು ಹಾಕಿದಳು. ಮುದುಕಿ ಕಾರ್ಯಕರ್ತೆಯನ್ನು ಕೇಳುತ್ತಿದ್ದಳು: “ನಮ್ಮ ಅಳಿಯಂದಿರೂ ಡಾಕ್ಟರೇ ಕಣಮ್ಮಾ. ಮುಖ ತೋರಿಸೋಕೆ ಅಂಜಿ ಈ ಕಡೆ ಬರೋದೇ ಬಿಟ್ಟಿದಾರೆ. ಎಲ್ಲಾದರೂ ಕಂಡ್ರೆ ಊಟ ಮಾಡಿದ್ರಾ ಅಂತ ಕೇಳು.”

ಮೌನಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ.

“ಮೂರನೆಯವರು ನನ್ನ ತಪ್ಪೇ ಅಂದ್ರೆ?” ಕೊನೆಗೆ ಕೇಳಿದ.

“ಆಗಲೂ ಟೀಗೆ ಬರ್ತೀನಿ. ಈಗ ಊಟ ಮಾಡಿದ್ರಾ ಹೇಳಿ.”

ಅವನು ಕಣ್ಣೊರೆಸಿಕೊಂಡು, ಪಕ್ಕದ ಕುರ್ಚಿಯನ್ನು ಮೆಲ್ಲಗೆ ಅವಳತ್ತ ಸರಿಸಿದ. ಅವಳು ಅದನ್ನು ಇದ್ದಲ್ಲಿಗೇ ಸರಿಸಿದಳು.

“ಅವರು ಕೂತಿರಲಿ. ನಾನು ಇನ್ನೊಂದು ತರ್ತೀನಿ.”