ಸಿತ್ರಾದಾಚೆಯ ಒರತೆ

ಕೊಲ್ಲಿ ನಾಡಿನ ಮುದಿ ದೋಣಿಗಾರ ಹಾಜಿ ಮಕ್ಕಿ ನೀರು ಪರೀಕ್ಷೆಯ ಲ್ಯಾಬಿಗೆ ಬಂದು, "ಮೇರಾ ಐನ್ ಬಂದ್ ಹೋ ಗಯಾ" ಎಂದು ಹರಕು ಹಿಂದಿಯಲ್ಲಿ ಗೋಳಾಡಿದಾಗ, ಅಲ್ಲಿ ಕೆಲಸಕ್ಕಿದ್ದ ಆಶಾಲತಾ ಹಿಂದುಮುಂದು ನೋಡಲಿಲ್ಲ. ಅರಬಿಯಲ್ಲಿ ಐನ್ ಅಂದರೆ ಕಣ್ಣು, ಅಷ್ಟು ಅವಳಿಗೆ ಗೊತ್ತಿತ್ತು. ಟ್ಯಾಕ್ಸಿ ಹತ್ತಿಸಿ ಸಲ್ಮಾನಿಯಾ ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿನ ಡಾಕ್ಟರು ಮುದುಕನೊಡನೆ ಅರಬಿಯಲ್ಲಿ ಮಾತಾಡಿ ನಕ್ಕುಬಿಟ್ಟರು. ಕಣ್ಣೆರಡೂ ಚೆನ್ನಾಗಿದ್ದವು. ಮುಚ್ಚಿಹೋದದ್ದು ಸಿತ್ರಾ ದ್ವೀಪದಾಚೆ, ಸಮುದ್ರದ ತಳದ ಒರತೆ. ಒರತೆಗೂ ಐನ್ ಎಂದೇ ಹೆಸರಂತೆ!

ಅವಳಿಗೆ ನಾಚಿಕೆಯಾಯಿತು. ಆ ನಾಚಿಕೆಯಲ್ಲೇ ಕತೆಯೆಲ್ಲ ಕೇಳಿದಳು. ಹಾಜಿಯ ಅಪ್ಪ, ಅಜ್ಜ ತೊಗಲ ಚೀಲ ಹಿಡಿದು ಉಪ್ಪುನೀರಲ್ಲಿ ಮುಳುಗಿ ಸಿಹಿನೀರು ತರುತ್ತಿದ್ದರಂತೆ. ಈಗ ಸಮುದ್ರಕ್ಕೆ ಮಣ್ಣು ತುಂಬಿ ಆ ಒರತೆಯ ಮೇಲೆಯೇ ರಸ್ತೆ ಬರಲಿತ್ತು. ರಸ್ತೆಯ ಎಂಜಿನಿಯರ್ ಹಾಜಿಗೆ ಒಂದೇ ಮಾತು ಹೇಳಿದ್ದ: "ಶನಿವಾರದೊಳಗೆ ಒಂದು ಬಾಟಲಿ ಸಿಹಿನೀರು ತನ್ನಿ, ರಸ್ತೆ ತಿರುಗಿಸುತ್ತೇನೆ. ಸತ್ತ ಒರತೆಗಾಗಿ ತಿರುಗಿಸಲಾರೆ."

ಲ್ಯಾಬಿನ ಪಂಪ್ ಮೆಕ್ಯಾನಿಕ್ ಮುಂಡಪ್ಪ ಊರಲ್ಲಿದ್ದಾಗ ಬಾವಿ ತೋಡುತ್ತಿದ್ದವನು. ಕಣ್ಣಿನ ಕತೆ ಕೇಳಿ ಅವನಿಗೆ ನಗು ಬರಲಿಲ್ಲ. "ನಮ್ಮಲ್ಲಿಯೂ ಬಾವಿಯ ಕಣ್ಣು ಅಂತಲೇ ಹೇಳುವುದಲ್ವಾ ಆಶಕ್ಕ? ಕಣ್ಣು ಕಟ್ಟಿದರೆ ಬಿಡಿಸ್ಲಿಕ್ಕೆ ಆಗ್ತದೆ. ಸತ್ತದ್ದೋ ಕಟ್ಟಿದ್ದೋ, ಇಳಿದು ನೋಡದೆ ಹೇಗೆ ಗೊತ್ತಾಗ್ತದೆ?"

ಶುಕ್ರವಾರದ ರಜೆಯಲ್ಲಿ ಮೂವರೂ ಹೊರಟರು. ಅದು ತೊಂಬತ್ತನಾಲ್ಕರ ಆಗಸ್ಟ್. ದಡದ ಖರ್ಜೂರದ ತೋಟಗಳು ಅರ್ಧ ಒಣಗಿ, ನೆಲದ ಮೇಲೆ ಉಪ್ಪು ಬಿಳಿಯಾಗಿ ಹರಡಿತ್ತು. ನೀರು ಇಳಿಯುವ ಹೊತ್ತು. ಸಮುದ್ರ ಎಷ್ಟು ತಿಳಿಯಾಗಿತ್ತೆಂದರೆ ದೋಣಿಯ ನೆರಳು ತಳದ ಮರಳಿನ ಮೇಲೆ ತಾನೇ ಇನ್ನೊಂದು ದೋಣಿಯಾಗಿ ಬರುತ್ತಿತ್ತು. ಆಕಾಶ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಎಂದು ಗೊತ್ತಾಗುತ್ತಿರಲಿಲ್ಲ. ತಾನು ಎಚ್ಚರವಿದ್ದೇನೋ, ಮಧ್ಯಾಹ್ನದ ನಿದ್ದೆಯಲ್ಲಿದ್ದೇನೋ ಎಂದು ಆಶಾಲತಾಳಿಗೇ ಅನುಮಾನ. ಹಾಜಿ ದಡದ ಮಿನಾರನ್ನೂ ಒಂಟಿ ಖರ್ಜೂರದ ಮರವನ್ನೂ ಒಂದೇ ಸಾಲಿಗೆ ತಂದು ಹುಟ್ಟು ನಿಲ್ಲಿಸಿದ.

"ಇಲ್ಲೇ."

ಅವಳು ನೀರಿನ ಉಪ್ಪು ಅಳೆಯುವ ಮೀಟರಿನ ತಂತಿ ಇಳಿಬಿಟ್ಟಳು. ಅರವತ್ತು ತೋರಿಸಿತು. ಬರೀ ಉಪ್ಪು. ಮುದುಕ ಅವಳ ಮುಖ ನೋಡಿ ತಲೆ ತಗ್ಗಿಸಿದ.

"ತಡೀರಿ ಮಾರಾಯ್ರೆ," ಎಂದು ಮುಂಡಪ್ಪ ಹಾರೆ ಹಿಡಿದು ಧುಮುಕಿದ. ಎರಡಾಳು ಆಳ. ಮೇಲೆ ಬಂದು ಉಸಿರೆಳೆದುಕೊಂಡ. "ಕಲ್ಲಿನ ಕಟ್ಟೆ ಉಂಟು. ಒಳಗೆ ಹಳೆ ಬಲೆ, ಚಿಪ್ಪು, ಕೆಸರು. ಗಟ್ಟಿ ಕೂತಿದೆ."

ಮತ್ತೆ ಮುಳುಗಿದ. ಮತ್ತೆ. ನಾಲ್ಕನೆಯ ಸಲ ಮೇಲೆ ಬರಲಿಲ್ಲ.

ಗುಳ್ಳೆಗಳು ಬಂದವು. ನಿಂತವು.

ಆಶಾಲತಾ ಹೊಳೆದಂಡೆಯಲ್ಲಿ ಬೆಳೆದವಳು. ಹಾಜಿಯ ಚೂರಿ ಕಿತ್ತುಕೊಂಡು ಹಾರಿದಳು.

ಕೆಸರು ಎದ್ದು ಏನೂ ಕಾಣುತ್ತಿರಲಿಲ್ಲ. ಕೈಗೆ ಅವನ ಕಾಲು ಸಿಕ್ಕಿತು. ಸುತ್ತ ಬಲೆ. ಒಂದೆಳೆ ಕೊಯ್ದಳು. ಇನ್ನೊಂದು. ಎದೆ ಬಿರಿಯುತ್ತಿತ್ತು. ಕೊನೆಯ ಎಳೆ ಹರಿದದ್ದೇ ಮುಂಡಪ್ಪ ಜಾಡಿಸಿ ಒದ್ದ. ಬಲೆಯ ಮುದ್ದೆಯೇ ಕಿತ್ತುಬಂತು.

ಆಗ ಅವಳ ಕೆನ್ನೆಗೆ ತಣ್ಣನೆಯದೇನೋ ತಗುಲಿತು. ಬಿಸಿ ಸಮುದ್ರದ ತಳದಲ್ಲಿ ತಣ್ಣೀರು! ಕಾದ ಕಾವಲಿಯ ಮೇಲಿನ ಗಾಳಿಯಂತೆ ನೀರು ನೀರೊಳಗೇ ನಡುಗುತ್ತ ಮೇಲೇಳುತ್ತಿತ್ತು. ಅಲ್ಲೇ ಇದ್ದುಬಿಡೋಣ ಎನಿಸುವಷ್ಟು ಹಿತವಾಗಿತ್ತು. ಮುಂಡಪ್ಪ ಅವಳ ರಟ್ಟೆ ಹಿಡಿದು ಮೇಲಕ್ಕೆಳೆದ.

ಇಬ್ಬರೂ ದೋಣಿಯ ಅಂಚಿಗೆ ಜೋತು ಕೆಮ್ಮಿದರು. ಅಷ್ಟು ಹೊತ್ತಿಗೆ ನೀರು ಏರತೊಡಗಿತ್ತು, ಬಡಗಣ ಗಾಳಿಯೂ ಎದ್ದಿತ್ತು. ಅವಳು ಬಾಟಲಿ ಹಿಡಿದು ಇನ್ನೊಮ್ಮೆ ಇಳಿದು, ಅದರ ಬಾಯನ್ನು ಕಲ್ಲಿನ ಸಂದಿಗೆ ಒತ್ತಿ ತುಂಬಿಸಿಕೊಂಡಳು. ಮೀಟರು ಐದೇ ತೋರಿಸಿತು. ಕುಡಿಯುವಂಥ ನೀರು.

"ಒಂದು ಗುಟುಕು ಕುಡೀರಿ ಹಾಜಿ," ಎಂದಳು.

ಮುದುಕ ಕೈ ಹಿಂದೆಳೆದುಕೊಂಡ. "ಬೇಡ ಬೇಟಿ. ಬಾಟಲಿಯಲ್ಲಿ ಕಮ್ಮಿ ಇದೆ ಅಂತ ಆಫೀಸಿನವರು ಅಂದುಬಿಟ್ಟರೆ?"

ಇದಿರುಗಾಳಿಯಲ್ಲಿ ಮೂರು ಗಂಟೆ ಹುಟ್ಟು ಹಾಕಿದರು. ಅಂಗೈಗಳಲ್ಲಿ ಬೊಬ್ಬೆ ಎದ್ದು ಒಡೆದವು.

ಶನಿವಾರ ಬೆಳಿಗ್ಗೆ ಎಂಜಿನಿಯರ್ ಮೀಟರು ಹಾಕಿ ನೋಡಿದ. ನಂಬಿಕೆ ಬರದೆ ಒಂದು ಗುಟುಕು ಕುಡಿದೂ ನೋಡಿದ. ರಬ್ಬರು ಹುಡುಕಿ ನಕ್ಷೆಯ ನೇರ ಗೆರೆಯನ್ನು ಒರೆಸಿ, ಸ್ವಲ್ಪ ಬಾಗಿಸಿ ಎಳೆದ. ಓದು ಬಾರದ ಹಾಜಿ, ಇದರಲ್ಲಿ ಸಮುದ್ರ ಯಾವ ಕಡೆ ಎಂದು ಕೇಳಿದ. ಆಶಾಲತಾ ತೋರಿಸಿದಳು. ಗೆರೆ ಒರತೆಯನ್ನು ಬಿಟ್ಟು ಸಮುದ್ರದ ಈಚೆಗೇ ತಿರುಗಿತ್ತು. ಬಾಟಲಿಯಲ್ಲಿ ಉಳಿದಿದ್ದನ್ನು ಎಂಜಿನಿಯರನೇ ಮುದುಕನ ಮುಂದಿಟ್ಟ. ಹಾಜಿ ಕುರ್ಚಿಯಲ್ಲಿ ಕುಸಿದು ಕೂತು, ಅಳುತ್ತಳುತ್ತಲೇ ಅದನ್ನು ಕುಡಿದು ಮುಗಿಸಿದ.