ಕಂಡಿಕೆ ಸುತ್ತುವ ನಾಯಕಿ

ಬಸ್ಸಿನಿಂದ ಇಳಿದ ನೇತ್ರಾಳ ಜಡೆಯಲ್ಲಿ ಹತ್ತಿಯ ಎಳೆಯೊಂದು ಸಿಕ್ಕಿಕೊಂಡಿತ್ತು. ಅಮಿತ ಅದನ್ನು ಮೆಲ್ಲಗೆ ಬಿಡಿಸಿದ. ಬಿಡಿಸಿದ ಮೇಲೂ ಬೆರಳು ಅಲ್ಲೇ ಉಳಿಯಿತು.

"ಆತಿಲ್ಲ?" ಅವಳು ನಕ್ಕಳು.

"ಇನ್ನೊಂದೈತಿ."

"ಸುಳ್ಳ ಹೇಳಬ್ಯಾಡ."

ಹಿಪ್ಪರಗಿ ಬ್ಯಾರೇಜಿನ ಬಳಿ ಕೃಷ್ಣೆ ಸದ್ದಿಲ್ಲದೆ ಕಪ್ಪಾಗಿ ನಿಂತಿತ್ತು. ಇಲ್ಲಿಗೆ ಬಾ ಎಂದವನು ಅವನೇ. ಅದೇ ಅವಳ ಎದೆಯನ್ನು ಕುಟುಕುತ್ತಿತ್ತು.

ಅಮಿತ ಮೊಬೈಲ್ ಆ್ಯಪಿನಲ್ಲಿ ಧಾರಾವಾಹಿ ಬರೆಯುತ್ತಿದ್ದ. ನಾಯಕಿಗೆ ನೇತ್ರಾಳದೇ ಗಲ್ಲದ ಮಚ್ಚೆ, ಅವಳದೇ ನಗು. ಮೊದಮೊದಲು ಓದಿ ನಾಚಿ ನೀರಾಗಿದ್ದಳು. ಆಮೇಲೆ ಬರೆದದ್ದೆಲ್ಲ ಬದುಕಿಗೆ ಇಳಿಯತೊಡಗಿತು. ಕಥೆಯ ಅತ್ತೆ ಹಸಿರು ಬಳೆ ತಂದಳು. ಮರುವಾರವೇ ಅಮಿತನ ತಾಯಿ ರುಕ್ಮವ್ವ ಬನಹಟ್ಟಿಯ ನೇತ್ರಾಳ ಮನೆಗೆ ಹಸಿರು ಬಳೆ ಹಿಡಿದು ಬಂದಳು. ಆ ಅತ್ತೆಯ ಮಾತನ್ನೇ ಆಡಿದಳು: "ನಮ್ಮ ಮನ್ಯಾಗ ಮಗ್ಗ ಗಂಡಸರ ಕೆಲಸವ್ವಾ. ಹೆಣ್ಮಕ್ಕಳು ಲಾಳಿಗೆ ನೂಲಿನ ಕಂಡಿಕಿ ಸುತ್ತಕೊಂಡು ಇರತಾರ."

ಕಳೆದ ಕಂತಿನಲ್ಲಿ ನಾಯಕಿ ಹೊಳೆಯ ದಂಡೆಗೆ ಬಂದು ನಿಂತಿದ್ದಳು.

"ಆಕಿ ಯಾಕ ಹೊಳಿಗೆ ಬಂದಾಳ?" ನೇತ್ರಾ ಕೇಳಿದಳು.

"ಮುಂದಿಂದು ಕಡೀ ಕಂತು. ಮನಿ ಮರ್ಯಾದಿ ಉಳಸಾಕ ಜೀವಾ ಕೊಡತಾಳ. ಓದಿದವರೆಲ್ಲಾ ಅಳತಾರ ನೋಡು."

"ನಾಯಕನೂ ಅಳತಾನೇನು?"

"ಭಾಳ ಅಳತಾನ."

"ಓಡಿ ಬಂದು ಹಿಡಕೊಳ್ಳೂದಿಲ್ಲ?"

ಅದನ್ನು ಅಮಿತ ಯೋಚಿಸಿಯೇ ಇರಲಿಲ್ಲ.

"ನಾ ಎರಡು ಪವರ್‌ಲೂಮ್ ನಡಸಾಕಿ, ಅಮಿತ. ನಿಮ್ಮ ಮನಿಗೆ ಬಂದರೂ ನಡಸ್ತೇನಿ. ನಿಮ್ಮವ್ವಗ ಇದೊಂದು ಮಾತು ಹೇಳತಿಯೇನು?"

ಅವನು ಅವಳ ಕೈ ಹಿಡಿದ. ಆ ಬಿಸುಪಿನಲ್ಲಿ ಸುಳ್ಳಿರಲಿಲ್ಲ. "ಮದವಿ ಆಗಲಿ, ನಿಧಾನಕ ಹೇಳೂನಂತ. ಅಲ್ಲೀತನಾ ಹೊಂದಕೊಂಡು ಹೋಗು, ನನ್ನ ಸಲುವಾಗಿ."

ಈ ಮಾತನ್ನೂ ಅವಳು ಅವನ ಕಥೆಯಲ್ಲಿ ಓದಿದ್ದಳು. ಇದಾದ ಮೇಲೆ ಏನು ಬರುತ್ತದೆಂದೂ ಗೊತ್ತಿತ್ತು. ನೀರಿನ ಕಡೆಯಿಂದ ತಣ್ಣನೆ ಗಾಳಿ ಬೀಸಿತು.

ಚೀಲದಿಂದ ಹಸಿರು ಬಳೆ ತೆಗೆದು ಅವನ ಅಂಗೈಗಿಟ್ಟಳು. "ನಿನ್ನ ನಾಯಕಿಗೆ ತೊಡಸು. ನನಗ ಮಗ್ಗದ ಮುಂದ ಅಡ್ಡ ಆಗತಾವ."

ಬಸ್ ಬಂತು. ಹತ್ತಿ ಕುಳಿತು ಕಿಟಕಿಯಿಂದ ನೋಡಿದಳು. ಓಡಿ ಬಂದಾನೇನೋ ಎಂಬ ಹುಚ್ಚು ಆಸೆ ಇನ್ನೂ ಇತ್ತು. ಅಮಿತ ತಲೆ ತಗ್ಗಿಸಿ ಮೊಬೈಲಿನಲ್ಲಿ ಬರೆಯುತ್ತಿದ್ದ. ಕಣ್ಣು ಒರೆಸಿಕೊಳ್ಳುತ್ತ ಬರೆಯುತ್ತಿದ್ದ. ಅವನ ಕಥೆಯಲ್ಲಿ ನಾಯಕಿ ನೀರಿಗೆ ಇಳಿಯುತ್ತಿದ್ದಳು.

ಕಂಡಕ್ಟರ್ ಹತ್ತಿರ ಬಂದ.

"ಬನಹಟ್ಟಿ ಒಂದು ಕೊಡ್ರಿ," ಎಂದಳು ನೇತ್ರಾ.